ಬ್ಯಾಡಗಿ ಮೆಣಸಿನಕಾಯಿಯ ಬಿಲ್ಲಿನಲ್ಲಿ ಕಡಲ್ಗಳ್ಳರ ಲೆಕ್ಕ ಏಕೆ ಬಂತು?

ಪ್ರಶ್ನೆ: ಕಡ್ಡಿ-ಡಬ್ಬಿ, ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಅಡತಿ ಅಂಗಡಿ. ಮೂರು ವರ್ಷಗಳಿಂದ ಅಡತಿಯ ಜೊತೆಗೆ ಸ್ವಲ್ಪ ರಫ್ತನ್ನೂ ಹಚ್ಚಿಕೊಂಡಿದ್ದೇನೆ. ವರ್ಷಕ್ಕೆ ನಾಲ್ಕೈದು ಕಂಟೇನರ್ ಒಣಮೆಣಸಿನಕಾಯಿ ಮುಂಬೈ ಮಾರ್ಗವಾಗಿ ಕೆನ್ಯಾದ ಮೊಂಬಾಸಾ ಬಂದರಿಗೆ ಹೋಗುತ್ತದೆ. ಅಲ್ಲಿನ ಖರೀದಿದಾರರು ತಲೆಮಾರುಗಳ ಹಿಂದೆ ಕಛ್‌ನಿಂದ ಹೋಗಿ ನೆಲೆಸಿದ ಮನೆತನದವರು, ಮಾತಿಗೂ ಹಣಕ್ಕೂ ಸರಿಯಾದವರು. ಸರಕಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಸೇರಿಸಿ ಮೊದಲೇ ಒಂದು ದರ ಮಾತಾಡಿಕೊಳ್ಳುತ್ತೇವೆ. ಅಂದರೆ ಸಿಐಎಫ್ ಲೆಕ್ಕ.

ಈ ಸಲ ಏಜೆಂಟರು ಕಳಿಸಿದ ಬಿಲ್ಲಿನಲ್ಲಿ ಬಾಡಿಗೆಯ ಕೆಳಗೆ ‘ಅಪಾಯ ಪ್ರದೇಶದ ಹೆಚ್ಚುವರಿ ಶುಲ್ಕ’ ಎಂದು ಹೊಸದೊಂದು ಸಾಲು ಕಾಣಿಸಿತು. ಫೋನ್ ಮಾಡಿ ಕೇಳಿದರೆ, “ಕಡಲ್ಗಳ್ಳರ ಕಾಟ ಮತ್ತೆ ಶುರುವಾಗಿದೆ ಸಾಹುಕಾರ್ರೇ, ಎಲ್ಲರಿಗೂ ಹಾಕಿದ್ದಾರೆ” ಎಂಬಷ್ಟೇ ಉತ್ತರ. ದರ ಮೊದಲೇ ನಿಗದಿಯಾಗಿದ್ದರಿಂದ ಆ ಹಣವನ್ನು ಖರೀದಿದಾರರಿಂದ ಕೇಳುವಂತಿರಲಿಲ್ಲ. ಚೀಲಕ್ಕೆ ಉಳಿಯಬೇಕಾಗಿದ್ದ ನಾಲ್ಕು ಕಾಸು ಅದರಲ್ಲೇ ಹೋಯಿತು.

ನನ್ನ ಸಂದೇಹಗಳು ಇಷ್ಟು. ಕಡಲ್ಗಳ್ಳತನವೆಂಬುದು ಈ ಕಾಲದಲ್ಲಿಯೂ ನಿಜವಾಗಿ ಇದೆಯೇ, ಅಥವಾ ಬಾಡಿಗೆ ಏರಿಸಲು ಅದೊಂದು ನೆಪವೇ? ನನ್ನ ಸರಕನ್ನು ಯಾರೂ ಮುಟ್ಟದಿದ್ದರೂ ನಾನು ಏಕೆ ಹಣ ಕೊಡಬೇಕು? ನಾಳೆ ಹಡಗನ್ನೇ ಹಿಡಿದಿಟ್ಟುಕೊಂಡರೆ ನಾನು ಮಾಡಿಸಿರುವ ವಿಮೆ ನೆರವಿಗೆ ಬರುತ್ತದೆಯೇ? ಇನ್ನೊಂದು ಬರೀ ಕುತೂಹಲದ ಮಾತು: ಹಿಂದೆ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಆಗ ನಮ್ಮ ಕಡಲಿನಲ್ಲಿಯೂ ಈ ಕಾಟವಿತ್ತೇ?

ಉತ್ತರ: ಸರ್ವೇಯರ್, ಹುಬ್ಬಳ್ಳಿ

ಸಾಹುಕಾರರೇ, ನಾನು ಇಪ್ಪತ್ತು ವರ್ಷ ಸರಕು ವಿಮೆಯ ನಷ್ಟ ಪರಿಶೀಲನೆಯ ಕೆಲಸ ಮಾಡಿದವನು. ಹೆಚ್ಚಾಗಿ ಹತ್ತಿಯ ಅಂಡಿಗೆ, ಮೆಣಸಿನಕಾಯಿ ಚೀಲ, ಅಲ್ಲೊಮ್ಮೆ ಇಲ್ಲೊಮ್ಮೆ ಯಂತ್ರದ ಬಿಡಿಭಾಗ. ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗಂಟು ಇರುವುದೇ ಅಲ್ಲಿ.

ಕಡಲ್ಗಳ್ಳರು ಕೈಯಾರೆ ಕೊಂಡೊಯ್ಯುವ ಹಣಕ್ಕೂ ಅವರ ಭಯದಿಂದ ಉಳಿದವರೆಲ್ಲ ಖರ್ಚು ಮಾಡುವ ಹಣಕ್ಕೂ ಹೋಲಿಕೆಯೇ ಇಲ್ಲ. ಸೋಮಾಲಿಯಾದ ಕಡಲ್ಗಳ್ಳರು 2005ರಿಂದ 2012ರವರೆಗೆ ಪಡೆದ ಒತ್ತೆಹಣ ಒಟ್ಟು 34ರಿಂದ 41 ಕೋಟಿ ಡಾಲರ್ ಎಂಬುದು ವಿಶ್ವಬ್ಯಾಂಕ್ ಭಾಗಿಯಾಗಿದ್ದ ಅಧ್ಯಯನದ ಅಂದಾಜು. ಅದೇ ಕಾಟದಿಂದ ಜಗತ್ತಿನ ವ್ಯಾಪಾರದ ಮೇಲೆ ಬೀಳುತ್ತಿದ್ದ ಹೊರೆಯನ್ನು ವಿಶ್ವಬ್ಯಾಂಕ್ 2013ರಲ್ಲಿ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತು. ಎಂಟು ವರ್ಷದ ಕಳವು ಒಂದು ತಕ್ಕಡಿಗೆ, ಒಂದೇ ವರ್ಷದ ಭಯ ಇನ್ನೊಂದು ತಕ್ಕಡಿಗೆ ಹಾಕಿ ನೋಡಿ. ಹಡಗು ಮಾಲೀಕ ಹೆಚ್ಚಿನ ಪ್ರೀಮಿಯಂ ಕಟ್ಟುತ್ತಾನೆ, ಬಂದೂಕಿನ ಕಾವಲುಗಾರರನ್ನು ಹತ್ತಿಸಿಕೊಳ್ಳುತ್ತಾನೆ, ಅಪಾಯದ ನೀರಿನಲ್ಲಿ ಎಣ್ಣೆ ಸುಟ್ಟು ವೇಗವಾಗಿ ಓಡುತ್ತಾನೆ ಅಥವಾ ಸುತ್ತಿ ಹೋಗುತ್ತಾನೆ, ನಾವಿಕರಿಗೆ ಹೆಚ್ಚಿನ ಭತ್ಯೆ ಕೊಡುತ್ತಾನೆ. ಇವೆಲ್ಲವನ್ನೂ ಕಂಟೇನರ್‌ಗಳ ಸಂಖ್ಯೆಗೆ ಹಂಚಿ ಬಾಡಿಗೆಯ ಕೆಳಗೆ ಒಂದು ಸಾಲು ಬರೆಯುತ್ತಾನೆ. ನಿಮ್ಮ ಬಿಲ್ಲಿನಲ್ಲಿ ಕಂಡದ್ದು ಆ ಸಾಲು.

ಇದು ಬರೀ ಆಫ್ರಿಕಾದ ತೀರದ ಸಮಾಚಾರ ಎಂದುಕೊಳ್ಳಬೇಡಿ. 2010ರಲ್ಲಿ ಹಡಗು ಸಂಘಟನೆಗಳು ‘ಹೆಚ್ಚಿನ ಅಪಾಯದ ಪ್ರದೇಶ’ದ ಗಡಿಯನ್ನು ಪೂರ್ವ ರೇಖಾಂಶ 78 ಡಿಗ್ರಿಯವರೆಗೆ ಎಳೆದುವು. ನಕ್ಷೆ ತೆಗೆದು ನೋಡಿದರೆ ತಿಳಿಯುತ್ತದೆ: ಮುಂಬೈ, ಮರ್ಮಗೋವಾ, ಕಾರವಾರ, ಮಂಗಳೂರು, ಕೊಚ್ಚಿ, ಕನ್ಯಾಕುಮಾರಿಯವರೆಗಿನ ನಮ್ಮ ಪಶ್ಚಿಮ ಕರಾವಳಿ ಪೂರ್ತಿ ಆ ಗೆರೆಯ ಒಳಗೆ ಬಿತ್ತು. ಕಡಲ್ಗಳ್ಳರನ್ನು ಎಂದೂ ಕಾಣದ ಬಂದರಿಗೆ ಬರುವ ಹಡಗಿಗೂ ಅಪಾಯದ ಲೆಕ್ಕ ಹತ್ತಿತು. ಭಾರತ ಅದಕ್ಕೆ ಆಕ್ಷೇಪಿಸುತ್ತಲೇ ಬಂದು, ಕೊನೆಗೆ 2015ರ ಡಿಸೆಂಬರ್‌ನಲ್ಲಿ ಗಡಿ 65 ಡಿಗ್ರಿಗೆ ಹಿಂದೆ ಸರಿಯಿತು. 2023ರ ಜನವರಿ 1ರಿಂದ ಆ ಗೆರೆಯನ್ನೇ ತೆಗೆದುಹಾಕಿದರು. ಇನ್ನು ಮುಗಿಯಿತು ಎನ್ನುವಷ್ಟರಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ‘ರುಯೆನ್’ ಎಂಬ ಹಡಗು ಅಪಹರಣವಾಯಿತು. ನಮ್ಮ ನೌಕಾಪಡೆ 2024ರ ಮಾರ್ಚ್ 16ರಂದು 35 ಮಂದಿ ಕಡಲ್ಗಳ್ಳರನ್ನು ಶರಣಾಗಿಸಿ 17 ಮಂದಿ ನಾವಿಕರನ್ನು ಬಿಡಿಸಿತು. ಆದ್ದರಿಂದ ನಿಮ್ಮ ಏಜೆಂಟರು ಹೇಳಿದ್ದು ಪೂರ್ತಿ ನೆಪವಲ್ಲ. ಎಷ್ಟು ಹಾಕಿದ್ದಾರೆ, ಯಾವ ಆಧಾರದ ಮೇಲೆ ಹಾಕಿದ್ದಾರೆ ಎಂಬುದು ಬೇರೆ ಮಾತು. ಹಡಗು ಕಂಪನಿಯ ಸುತ್ತೋಲೆಯ ಪ್ರತಿಯನ್ನು ಏಜೆಂಟರಿಂದ ಕೇಳಿ ನೋಡಿ.

ಈಗ ವಿಮೆಯ ವಿಷಯ. ದಯವಿಟ್ಟು ಇಂದೇ ಕಪಾಟಿನಿಂದ ಪಾಲಿಸಿ ತೆಗೆದು ಅದರಲ್ಲಿ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್’ (ಸರಕು ವಿಮೆಯ ಶರತ್ತುಗಳು) ಎಂಬುದರ ಮುಂದೆ ಎ, ಬಿ, ಸಿ ಈ ಮೂರರಲ್ಲಿ ಯಾವ ಅಕ್ಷರವಿದೆ ನೋಡಿ. ‘ಎ’ ಇದ್ದರೆ ಕಡಲ್ಗಳ್ಳರಿಂದಾಗುವ ನಷ್ಟ ಅದರೊಳಗೆ ಬರುತ್ತದೆ. ಯುದ್ಧದ ಅಪಾಯಗಳನ್ನು ಹೊರಗಿಡುವ ಶರತ್ತಿನಲ್ಲಿಯೇ ಕಡಲ್ಗಳ್ಳತನಕ್ಕೆ ಇದು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಬರೆದಿರುತ್ತದೆ. ‘ಬಿ’ ಮತ್ತು ‘ಸಿ’ಗಳಲ್ಲಿ ಹೆಸರಿಸಿದ ಅಪಾಯಗಳಿಗೆ ಮಾತ್ರ ರಕ್ಷಣೆ, ಆ ಹೆಸರುಗಳ ಸಾಲಿನಲ್ಲಿ ಕಡಲ್ಗಳ್ಳತನವಿಲ್ಲ. ಸಿಐಎಫ್ ವ್ಯಾಪಾರದಲ್ಲಿ ಮಾರುವವನು ಕನಿಷ್ಠ ‘ಸಿ’ ಮಾಡಿಸಿದರೆ ಸಾಕೆಂಬ ನಿಯಮವಿರುವುದರಿಂದ, ಪ್ರೀಮಿಯಂ ಉಳಿಸಲು ನಮ್ಮ ಕಡೆಯ ಬಹಳ ಮಂದಿ ‘ಸಿ’ಗೇ ನಿಲ್ಲುತ್ತಾರೆ. ನಾನು ನೋಡಿದ ಕಾಗದಗಳಲ್ಲಿ ತಾವು ಮಾಡಿಸಿರುವುದು ಯಾವುದೆಂದು ತಿಳಿಯದ ವ್ಯಾಪಾರಿಗಳೇ ಹೆಚ್ಚು.

‘ಎ’ ಇದ್ದರೂ ವಿಳಂಬದ ನಷ್ಟವನ್ನು ಯಾವ ಪಾಲಿಸಿಯೂ ಕೊಡುವುದಿಲ್ಲ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಅದರ ಬಣ್ಣದಿಂದ. ಶೀತಲಗೃಹದಲ್ಲಿ ಜೋಪಾನವಾಗಿರುವ ಆ ಬಣ್ಣ, ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಕುಳಿತರೆ ಇಳಿಯದೆ ಇರುವುದಿಲ್ಲ. ರಾತ್ರಿ ತಂಪಾದಾಗ ಪೆಟ್ಟಿಗೆಯ ಛಾವಣಿಯಲ್ಲಿ ಬೆವರು ಕಟ್ಟಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ, ಬೂಸು ಬರುತ್ತದೆ. ಅಂಥ ಚೀಲ ಬಿಚ್ಚಿದಾಗ ಮೊದಲು ಮೂಗಿಗೆ ಬಡಿಯುವುದು ಖಾರವಲ್ಲ, ಮುಗ್ಗಲು ವಾಸನೆ. “ತಡವಾದದ್ದರಿಂದ ಕೆಟ್ಟಿತು” ಎಂದು ಬರೆದುಕೊಟ್ಟ ಅರ್ಜಿ ಅಲ್ಲಿಗೇ ಮುಗಿಯಿತು.

ಇನ್ನೊಂದು ತೊಡಕಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಹಡಗನ್ನು ಬಿಡಿಸಲು ಮಾಲೀಕ ಒತ್ತೆಹಣ ಕೊಟ್ಟರೆ ಅದನ್ನು ‘ಜನರಲ್ ಆವರೇಜ್’ ಎಂಬ ಹಳೆಯ ಕಡಲ ಪದ್ಧತಿಯಂತೆ ಹಡಗು ಮತ್ತು ಅದರಲ್ಲಿದ್ದ ಎಲ್ಲ ಸರಕಿನ ಒಡೆಯರು ತಂತಮ್ಮ ಮೌಲ್ಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕಾಗುತ್ತದೆ. ಉದಾಹರಣೆಗೆ ಹಡಗೂ ಸರಕೂ ಸೇರಿ 500 ಕೋಟಿ ರೂಪಾಯಿ, ಬಿಡಿಸಲು ತಗಲಿದ ಖರ್ಚು 20 ಕೋಟಿ ಎನ್ನಿ. ಅದು ನೂರಕ್ಕೆ ನಾಲ್ಕು. ನಿಮ್ಮ ಸರಕು 40 ಲಕ್ಷದ್ದಾದರೆ ನಿಮ್ಮ ಪಾಲು 1 ಲಕ್ಷ 60 ಸಾವಿರ. ಮೆಣಸಿನಕಾಯಿ ಒಂದು ಕಾಳೂ ಕೆಡದೆ ದಡ ಸೇರಿದ್ದರೂ ಆ ಪಾಲಿಗೆ ವಿಮಾ ಕಂಪನಿಯ ಖಾತರಿಯನ್ನೋ ನಗದು ಠೇವಣಿಯನ್ನೋ ಕೊಡುವವರೆಗೆ ಸರಕು ಬಿಡುವುದಿಲ್ಲ. ಒಂದು ಸಮಾಧಾನವೆಂದರೆ ‘ಎ’ ಪಾಲಿಸಿಯಿದ್ದರೆ ಈ ಪಾಲನ್ನು ಅದು ತುಂಬಿಕೊಡುತ್ತದೆ. ವಿಮೆಯನ್ನೇ ಮಾಡಿಸದವರ ಪಾಡು ಹೇಳತೀರದು.

ಉತ್ತರ: ಎಂಜಿನ್ ರೂಮ್, ಗದಗ-ಬೆಟಗೇರಿ

ಸರ್ವೇಯರ್ ಸಾಹೇಬರು ಕಾಗದದ ಕಡೆಯಿಂದ ಹೇಳಿದರು, ನಾನು ಹಡಗಿನ ಹೊಟ್ಟೆಯ ಕಡೆಯಿಂದ ಹೇಳುತ್ತೇನೆ. ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ಈಗ ನಿವೃತ್ತನಾಗಿ ಊರಿನಲ್ಲಿದ್ದೇನೆ. 2011ರಲ್ಲಿ, ಕಾಟ ನೆತ್ತಿಗೇರಿದ್ದ ವರ್ಷ, ಧಾನ್ಯ ತುಂಬಿದ ಹಡಗಿನಲ್ಲಿ ಏಡನ್ ಕೊಲ್ಲಿಯನ್ನು ಎರಡು ಸಲ ದಾಟಿದೆ.

ಕಡಲ್ಗಳ್ಳರು ಬರುವುದು ಚಿಕ್ಕ ದೋಣಿಗಳಲ್ಲಿ, ಕೈಯಲ್ಲಿ ಕೊಕ್ಕೆಯ ಏಣಿ. ಅವರಿಗೆ ಬೇಕಾದ್ದು ನಿಧಾನವಾಗಿ ಓಡುವ, ಭಾರಕ್ಕೆ ನೀರಿನ ಹತ್ತಿರ ತಗ್ಗಿದ ಹಡಗು. 18 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರಿಗಿಂತ, ವೇಗವಾಗಿ ಓಡುವ ಎತ್ತರದ ಹಡಗನ್ನು ಹತ್ತುವುದು ಅವರಿಗೆ ಬಲು ಕಷ್ಟ. ಆದ್ದರಿಂದ ದೊಡ್ಡ ಕಂಟೇನರ್ ಹಡಗುಗಳು ಸಿಕ್ಕಿಬಿದ್ದದ್ದು ಕಡಿಮೆ. ಹಾಗೆಂದು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2009ರ ಏಪ್ರಿಲ್‌ನಲ್ಲಿ ಹಿಡಿದ ‘ಮೇರ್ಸ್ಕ್ ಅಲಬಾಮಾ’ ಕಂಟೇನರ್ ಹಡಗೇ, ಅದು ಹೊರಟಿದ್ದೂ ನಿಮ್ಮ ಮೊಂಬಾಸಾಕ್ಕೇ. ನಮ್ಮದು ಹನ್ನೆರಡು ನಾಟ್‌ನ ಮುದಿ ಎತ್ತು. ಅಪಾಯದ ನೀರಿಗೆ ಬಂದಾಗ ಎಂಜಿನ್ನಿನ ಜೀವ ಹಿಂಡಿ ಓಡಿಸುತ್ತಿದ್ದೆವು. ವೇಗ ಕಾಲುಪಟ್ಟು ಹೆಚ್ಚಿದರೆ ಗಂಟೆಗೆ ಉರಿಯುವ ಎಣ್ಣೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಸಾಹುಕಾರರೇ. ನಿಮ್ಮ ಬಿಲ್ಲಿನ ಆ ಸಾಲಿನಲ್ಲಿ ನಾನು ಸುಟ್ಟ ಎಣ್ಣೆಯೂ ಇದೆ ಎಂದುಕೊಳ್ಳಿ.

ಹಡಗಿನ ಸುತ್ತ ಅಂಚಿಗೆ ಮುಳ್ಳುತಂತಿಯ ಸುರುಳಿ, ಬೆಂಕಿ ಆರಿಸುವ ಪೈಪುಗಳಿಂದ ಎರಡೂ ಮಗ್ಗುಲಿಗೆ ಸತತ ನೀರಿನ ಧಾರೆ, ರಾತ್ರಿ ಹೊರಗಿನ ದೀಪವೆಲ್ಲ ಬಂದ್. ಕೈಗವಸು ಹಾಕಿಕೊಂಡಿದ್ದರೂ ಆ ತಂತಿ ಕಟ್ಟುವಾಗ ಖಲಾಸಿಗಳ ಮುಂಗೈ ಹರಿದು ರಕ್ತ ಬರುತ್ತಿತ್ತು. ಖಲಾಸಿಗಳ ಮುಖಂಡನಾದ ಸಾರಂಗ ಹಳೆಯ ಬಾಯ್ಲರ್ ಸೂಟುಗಳಿಗೆ ಚಿಂದಿ ತುಂಬಿ, ತಲೆಗೆ ಹೆಲ್ಮೆಟ್ ಕಟ್ಟಿ, ಕಾವಲುಗಾರರು ಹೆಚ್ಚಿದ್ದಾರೆಂದು ದೂರದಿಂದ ಕಾಣಲಿ ಎಂದು ನಾಲ್ಕು ಬೆದರುಗೊಂಬೆ ನಿಲ್ಲಿಸಿದ್ದ. ನಮ್ಮ ಜೋಳದ ಹೊಲದ್ದೇ ಬುದ್ಧಿ. ಒಂದು ರಾತ್ರಿ ಎಂಜಿನ್ ರೂಮಿನಿಂದ ಮೇಲೆ ಬಂದವನು ಕತ್ತಲಲ್ಲಿ ಅದಕ್ಕೇ ಹಿಂದಿಯಲ್ಲಿ ಗಂಟೆ ಎಷ್ಟೆಂದು ಕೇಳಿ, ಉತ್ತರ ಬಾರದ್ದಕ್ಕೆ ಸಿಟ್ಟಾಗಿದ್ದೆ. ಕಡಲ್ಗಳ್ಳರು ಹತ್ತಿಯೇ ಬಿಟ್ಟರೆ ಎಲ್ಲರೂ ಒಳಗಿನ ಭದ್ರ ಕೋಣೆಗೆ ಓಡಿ, ಎಂಜಿನ್ ನಿಲ್ಲಿಸಿ, ಬಾಗಿಲು ಬಿಗಿದುಕೊಂಡು ಕೂಡ್ರಬೇಕು. ಆ ಕೋಣೆಯಲ್ಲಿ ನೀರು, ಬಿಸ್ಕತ್ತು, ಔಷಧ ಮತ್ತು ಉಪಗ್ರಹ ಫೋನ್ ಇಟ್ಟಿದ್ದೆವು. ನಮಗೆ ಅದರ ಬಾಗಿಲು ಬಿಗಿಯುವ ಪ್ರಸಂಗ ಬರಲಿಲ್ಲ.

ಬಂದವರ ಕಥೆ ಬೇರೆ. ಕಡಲ್ಗಳ್ಳರು ಹಿಡಿದಿದ್ದ ‘ಆಸ್ಫಾಲ್ಟ್ ವೆಂಚರ್’ ಹಡಗಿಗೆ 2011ರ ಏಪ್ರಿಲ್‌ನಲ್ಲಿ ಒತ್ತೆಹಣ ಸಂದಾಯವಾದರೂ, ಭಾರತದ ಸೆರೆಯಲ್ಲಿದ್ದ ತಮ್ಮವರನ್ನು ಬಿಡಬೇಕೆಂದು ಹಟ ಹಿಡಿದು ಏಳು ಮಂದಿ ಭಾರತೀಯ ನಾವಿಕರನ್ನು ಉಳಿಸಿಕೊಂಡರು. ಅವರಲ್ಲಿ ಕೊನೆಯವರು ಮನೆಗೆ ಮರಳಿದ್ದು 2014ರಲ್ಲಿ. ವ್ಯಾಪಾರದ ನಷ್ಟಕ್ಕೆ ಲೆಕ್ಕ ಬರೆಯಬಹುದು, ಇದನ್ನು ಯಾವ ಖಾತೆಗೆ ಬರೆಯುತ್ತೀರಿ? ಆ ವರ್ಷಗಳಲ್ಲಿ ನಮ್ಮ ಮನೆಯವರು ನನ್ನ ಫೋನ್ ಬಂದ ದಿನವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅರಿಶಿನದ ಬೆರಳಿನಿಂದ ಗುರುತು ಹಾಕಿಡುತ್ತಿದ್ದರು.

ಇನ್ನೊಂದು ಸಂಗತಿ ನಿಮಗೆ ಉಪಯೋಗಕ್ಕೆ ಬರಬಹುದು. ಮುಂಗಾರು ಹಿಡಿದಾಗ ಅರಬ್ಬೀ ಸಮುದ್ರ ಹುಚ್ಚೆದ್ದಿರುತ್ತದೆ. ಆ ಚಿಕ್ಕ ದೋಣಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರ ಬರಲಾರವು. ಕಾಟ ಹೆಚ್ಚುವುದು ಕಡಲು ತಣ್ಣಗಾದ ಮೇಲೆ. ನಿಮ್ಮ ಪೇಟೆಗೆ ಕಾಯಿ ಬಂದು ಬೀಳುವುದೂ ಜನವರಿಯಿಂದ ಏಪ್ರಿಲ್‌ವರೆಗೆ, ಕಡಲು ಕನ್ನಡಿಯಂತಿರುವ ತಿಂಗಳುಗಳಲ್ಲೇ. ನಿಮ್ಮ ಸುಗ್ಗಿ, ಅವರ ಸುಗ್ಗಿ ಎರಡೂ ಒಂದೇ ಕಾಲಕ್ಕೆ.

ಉತ್ತರ: ಸಂಶಯಜೀವಿ, ಹಾವೇರಿ

ಎಲ್ಲವೂ ಸರಿ. ಆದರೆ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಸಿದ್ದು ಯೆಮನ್‌ನ ಬಂಡುಕೋರರಾದ ಹೌತಿಗಳು. ಸುತ್ತಿ ಹೋಗುವ ಖರ್ಚೆಂದು ಬಾಡಿಗೆ ಏರಿದ್ದು ಹೆಚ್ಚಾಗಿ ಆ ದೆಸೆಯಿಂದ. ಮುಂಬೈಯಿಂದ ಮೊಂಬಾಸಾಕ್ಕೆ ಹೋಗುವ ಹಡಗು ಕೆಂಪು ಸಮುದ್ರಕ್ಕೆ ಕಾಲಿಡುವುದೇ ಇಲ್ಲ. ಹಾಗಿದ್ದರೆ ಬಿಲ್ಲಿನಲ್ಲಿ ಹಾಕಿರುವುದು ಯಾವ ಅಪಾಯದ ಶುಲ್ಕ? ಮದುವೆ ಒಬ್ಬರದು, ಮುಯ್ಯಿ ಇನ್ನೊಬ್ಬರದು ಎಂದಾಗಿರಬಾರದಲ್ಲ.

ಉತ್ತರ: ಕರಿಕೋಟು, ಧಾರವಾಡ

ಹಾವೇರಿಯವರು ಎತ್ತಿದ ಪ್ರಶ್ನೆ ಸಣ್ಣದಲ್ಲ, ಏಕೆಂದರೆ ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 101ನೆಯ ವಿಧಿಯ ಪ್ರಕಾರ ಕಡಲ್ಗಳ್ಳತನ ಎನಿಸಿಕೊಳ್ಳಲು ಕೃತ್ಯವು ಸ್ವಂತ ಲಾಭ ಮುಂತಾದ ಖಾಸಗಿ ಉದ್ದೇಶದಿಂದ ನಡೆದಿರಬೇಕು, ಒಂದು ಹಡಗಿನವರು ಇನ್ನೊಂದು ಹಡಗಿನ ಮೇಲೆ ಎರಗಿರಬೇಕು, ಅದೂ ಯಾವ ದೇಶದ ಒಡೆತನವೂ ಇಲ್ಲದ ನೀರಿನಲ್ಲಿ. ತೀರದಿಂದ 12 ನಾಟಿಕಲ್ ಮೈಲಿಯೊಳಗೆ ನಡೆದರೆ ಅದು ಆ ದೇಶದ ನೆಲದ ಕಾನೂನಿಗೆ ಸೇರಿದ ದರೋಡೆ. ಹೌತಿಗಳು ಕ್ಷಿಪಣಿ ಹಾರಿಸಿದ್ದನ್ನು ವಿಮೆಯವರು ಯುದ್ಧದ ಅಪಾಯವೆಂದು ಎಣಿಸುತ್ತಾರೆ. ಸರ್ವೇಯರ್ ಅವರು ಹೇಳಿದ ‘ಎ’ ಶರತ್ತು ಅದಕ್ಕೆ ಸಾಲದು, ಯುದ್ಧದ ಶರತ್ತನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ ಕಡಲ್ಗಳ್ಳತನಕ್ಕೆಂದೇ ಕಾಯಿದೆ ಇರಲಿಲ್ಲ. ಹಿಡಿದು ತಂದವರ ಮೇಲೆ ಕೊಲೆ ಯತ್ನ, ಅಪಹರಣ ಎಂದು ದಂಡಸಂಹಿತೆಯ ಕಲಮುಗಳನ್ನೇ ಹೊಂದಿಸಬೇಕಾಗುತ್ತಿತ್ತು. ಸಂಸತ್ತು 2022ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಜೀವಾವಧಿಯವರೆಗೆ ಶಿಕ್ಷೆ, ಕೃತ್ಯದಿಂದ ಸಾವು ಸಂಭವಿಸಿದರೆ ಮರಣದಂಡನೆಗೂ ಅದರಲ್ಲಿ ಅವಕಾಶವಿದೆ.

ಭಯವೇ ಮಾಡುವ ಹಾನಿಗೆ ಒಂದು ಕಹಿ ಉದಾಹರಣೆ ನಮ್ಮ ಕರಾವಳಿಯ ಪಕ್ಕದಲ್ಲೇ ಇದೆ. 2012ರ ಫೆಬ್ರುವರಿ 15ರಂದು ಕೇರಳದ ತೀರದಾಚೆ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ಟ್ಯಾಂಕರ್‌ನ ಕಾವಲಿಗಿದ್ದ ಯೋಧರು ಮೀನುಗಾರರ ದೋಣಿಯನ್ನು ಕಡಲ್ಗಳ್ಳರದ್ದೆಂದು ಬಗೆದು ಗುಂಡು ಹಾರಿಸಿದ್ದರಿಂದ ಇಬ್ಬರು ಮೀನುಗಾರರು ಸತ್ತರು. ಅಪಾಯದ ಗೆರೆ ನಮ್ಮ ದಡಕ್ಕೆ ಬಂದ ಮೇಲೆ ಹಡಗುಗಳು ದಡದ ಹತ್ತಿರ ಸರಿದು, ಮೀನುಗಾರರ ಬಲೆಗಳ ನಡುವೆಯೇ ಓಡಾಡತೊಡಗಿದ್ದ ಕಾಲ ಅದು.

ಉತ್ತರ: ಹಳೆಯ ಮೇಷ್ಟ್ರು, ಸಪ್ತಾಪುರ, ಧಾರವಾಡ

ಬ್ಯಾಡಗಿಯ ಸಾಹುಕಾರರ ಕೊನೆಯ ಪ್ರಶ್ನೆಗೆ ಯಾರೂ ಕೈ ಹಚ್ಚಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇತಿಹಾಸ ಕಲಿಸಿದವನ ಚಾಳಿ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಮ್ಮ ಕಡಲಿನಲ್ಲಿ ಕಾಟವಿತ್ತೇ ಎಂದು ಕೇಳಿದ್ದೀರಿ. ಕಡಲ್ಗಳ್ಳರಿಗೆ ಈ ತೀರ ಎರಡು ಸಾವಿರ ವರ್ಷದ ಹಿಂದೆಯೇ ಹೆಸರಾಗಿತ್ತು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ನಿತ್ರಿಯಾಸ್ ಎಂಬಲ್ಲಿರುವ ಕಡಲ್ಗಳ್ಳರ ದೆಸೆಯಿಂದ ಕೇರಳ ತೀರದ ಮುಜಿರಿಸ್ ಬಂದರು ಇಳಿಯಲು ಒಳ್ಳೆಯ ಜಾಗವಲ್ಲ ಎಂದು ಬರೆದ. ಆ ನಿತ್ರಿಯಾಸ್ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವೆಂದು ಕೆಲವರು, ನೇತ್ರಾವತಿಯ ಅಳಿವೆಯೆಂದು ಕೆಲವರು ವಾದಿಸುತ್ತಾರೆ. ಹದಿಮೂರನೆಯ ಶತಮಾನದ ಕೊನೆಗೆ ಬಂದ ಮಾರ್ಕೊ ಪೋಲೊ ಕಂಡ ವ್ಯವಸ್ಥೆ ಇನ್ನೂ ಸೋಜಿಗದ್ದು. ಮಲಬಾರ್ ಮತ್ತು ಗುಜರಾತಿನ ಕಡಲ್ಗಳ್ಳರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬೇಸಿಗೆಯಿಡೀ ಕಡಲ ಮೇಲೆ ಇರುತ್ತಿದ್ದರಂತೆ. ಇಪ್ಪತ್ತು ಮೂವತ್ತು ಹಡಗುಗಳು ಐದಾರು ಮೈಲಿಗೊಂದರಂತೆ ಸಾಲಾಗಿ ನಿಂತು, ವ್ಯಾಪಾರಿ ಹಡಗು ಕಂಡ ಕೂಡಲೇ ಬೆಂಕಿಯಿಂದಲೋ ಹೊಗೆಯಿಂದಲೋ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರಂತೆ.

ಪಯಣಿಗನ ಪಾಡು ಏನೆಂಬುದಕ್ಕೆ ಇಬ್ನ್ ಬತೂತನೇ ಸಾಕ್ಷಿ. 1340ರ ದಶಕದಲ್ಲಿ ಹೊನ್ನಾವರ ಮತ್ತು ಬಾರ್ಕೂರಿನ ನಡುವೆ ಒಂದು ಸಣ್ಣ ದ್ವೀಪದ ಬಳಿ ಹನ್ನೆರಡು ಹಡಗುಗಳು ಅವನ ಮೇಲೆ ಎರಗಿದುವು. ಸಿಂಹಳದ ಅರಸ ಕೊಟ್ಟಿದ್ದ ಮುತ್ತು ಮಾಣಿಕ್ಯ, ಬಟ್ಟೆಬರೆ, ದಾರಿಯ ಖರ್ಚಿನ ಹಣ ಎಲ್ಲವೂ ಹೋಗಿ, ಮೈಮೇಲೆ ಒಂದು ಚಲ್ಲಣ ಮಾತ್ರ ಉಳಿಯಿತೆಂದು ಅವನೇ ಬರೆದಿದ್ದಾನೆ. ಅವನನ್ನು ದಡಕ್ಕೆ ಬಿಟ್ಟರು. ಕಲ್ಲಿಕೋಟೆಗೆ ಹಿಂದಿರುಗಿದ ಮೇಲೆ ಅಲ್ಲಿನವರು ಉಡಲು ಬಟ್ಟೆ ಕೊಟ್ಟರು.

ಆದರೆ ಯಾರನ್ನು ಕಡಲ್ಗಳ್ಳ ಎನ್ನಬೇಕು? ಪೋರ್ಚುಗೀಸರು 1502ರಿಂದ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಮಾಡಿ, ಅದನ್ನು ಹಣ ಕೊಟ್ಟು ಪಡೆಯದ ಹಡಗನ್ನು ಹಿಡಿದು ಲೂಟಿ ಮಾಡುತ್ತಿದ್ದರು; ಅದಕ್ಕೆ ಅವರು ಇಟ್ಟ ಹೆಸರು ಕಾನೂನು. ಹೊನ್ನಾವರದ ತಿಮ್ಮೋಜನನ್ನು ಮೊದಲು ಕಡಲ್ಗಳ್ಳನೆಂದು ಜರೆದವರೇ 1510ರಲ್ಲಿ ಗೋವೆಯನ್ನು ಗೆಲ್ಲಲು ಅವನ ನೆರವು ಪಡೆದರು. ಕನ್ಹೋಜಿ ಆಂಗ್ರೆ ಮರಾಠರ ನೌಕಾಧಿಪತಿ, ತನ್ನ ಚೀಟಿ ಪಡೆಯದ ಹಡಗುಗಳನ್ನು ಹಿಡಿಯುತ್ತಿದ್ದ; ಇಂಗ್ಲಿಷರ ಕಾಗದಗಳಲ್ಲಿ ಅವನು ಕಡಲ್ಗಳ್ಳ. ಸುಂಕದ ಕಟ್ಟೆ ಯಾರ ಕೈಯಲ್ಲಿದೆಯೋ ಅವನು ಒಡೆಯ, ಅದನ್ನು ಒಪ್ಪದವನು ಕಳ್ಳ. ಅಂದಿನ ವ್ಯಾಪಾರಿಗೆ ಎರಡೂ ಕಡೆ ಕೊಡುವುದೇ ಆಗಿತ್ತು. ಬಿಲ್ಲಿನ ಆ ಹೆಚ್ಚುವರಿ ಸಾಲು ಹೊಸದಲ್ಲ, ಸಾಹುಕಾರರೇ.

ನಮ್ಮ ಒಳನಾಡಿಗೆ ಇದು ಹೇಗೆ ತಟ್ಟಿತು ಎಂಬುದಕ್ಕೆ ಹುಬ್ಬಳ್ಳಿಯೇ ಉದಾಹರಣೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕಾರವಾರದ ಕೋಠಿ (ವ್ಯಾಪಾರದ ಮಳಿಗೆ) ನಿಂತಿದ್ದೇ ಮೆಣಸು ಮತ್ತು ಘಟ್ಟದ ಮೇಲಿನ ಬಟ್ಟೆಯ ಮೇಲೆ; ಆ ಬಟ್ಟೆಯ ಪೇಟೆ ಹುಬ್ಬಳ್ಳಿ. 1673ರಲ್ಲಿ ಮರಾಠಾ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಕಂಪನಿಯ ದಾಸ್ತಾನೂ ಹೋಯಿತು. ಅದು ನೆಲದ ಕಷ್ಟ. ಕಡಲಿನ ಕಷ್ಟ 1695ರಲ್ಲಿ ಬಂತು. ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಹಜ್ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದ ‘ಗಂಜ್-ಇ-ಸವಾಯಿ’ ಹಡಗನ್ನು ದೋಚಿದ. ಕೆರಳಿದ ಔರಂಗಜೇಬನ ಅಧಿಕಾರಿಗಳು ಸೂರತ್ತಿನ ಇಂಗ್ಲಿಷ್ ವ್ಯಾಪಾರಿಗಳನ್ನು ಸೆರೆಯಲ್ಲಿಟ್ಟು ವ್ಯಾಪಾರ ನಿಲ್ಲಿಸಿದರು. ಯಾತ್ರೆಯ ಹಡಗುಗಳಿಗೆ ಕಾವಲು ಕೊಡುವ ಹೊಣೆ ಕಂಪನಿಯ ತಲೆಗೆ ಬಂತು. ಎರಡು ವರ್ಷ ಕಳೆದು, 1697ರ ಸೆಪ್ಟೆಂಬರ್‌ನಲ್ಲಿ, ಕ್ಯಾಪ್ಟನ್ ಕಿಡ್ ಕಟ್ಟಿಗೆ ನೀರು ಬೇಕೆಂದು ಕಾರವಾರಕ್ಕೇ ಬಂದ. ಅವನು ಕಡಲ್ಗಳ್ಳರನ್ನು ಹಿಡಿಯಲು ಅರಸನ ಅಪ್ಪಣೆ ಪಡೆದು ಹೊರಟವನು! ಅಲ್ಲಿ ಅವನ ಹಡಗು ಬಿಟ್ಟು ಓಡಿದ ನಾವಿಕರು ಕೋಠಿಯವರಿಗೆ ಅವನ ಮನಸ್ಸಿನಲ್ಲಿರುವುದು ಬೇರೆಯೆಂದು ತಿಳಿಸಿದರು. 1701ರಲ್ಲಿ ಅವನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು.

ಇನ್ನು ನಿಮ್ಮ ಅಜ್ಜ ಹೇಳಿದ ಕುಮಟಾದ ಹತ್ತಿ. ಆ ವ್ಯಾಪಾರ ಬೆಳೆಯುವ ಹೊತ್ತಿಗೆ ಕಾಟ ಅಡಗಿತ್ತು. 1756ರಲ್ಲಿ ಆಂಗ್ರೆಗಳ ವಿಜಯದುರ್ಗ ಬಿತ್ತು, ಇಂಗ್ಲಿಷರು ಕಳ್ಳರ ಗೂಡೆಂದು ದೂರುತ್ತಿದ್ದ ಮಾಲವಣ 1812ರಲ್ಲಿ ಅವರ ಕೈಸೇರಿತು. ಆಮೇಲೆ ತೋಪಿಲ್ಲದ, ಕಾವಲಿಲ್ಲದ ಪತ್ತೆಮಾರಿ ಎಂಬ ಹಾಯಿಹಡಗುಗಳೂ ದಡದ ಗುಂಟ ಮುಂಬೈಗೆ ಹೋಗಬಹುದಾಯಿತು. ಅಮೆರಿಕದ ಅಂತರ್ಯುದ್ಧದ 1861-65ರ ಅವಧಿಯಲ್ಲಿ ಹತ್ತಿಗೆ ಚಿನ್ನದ ಬೆಲೆ ಬಂದಾಗ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟವಿಳಿದು ಹೋಯಿತು. ಬೆಳೆದದ್ದು ನಮ್ಮಲ್ಲಿ, ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. ಕಡಲಿನ ಕಳ್ಳರು ಹೋದರೆಂದು ಕಳ್ಳತನ ಹೋಗಲಿಲ್ಲ ಅನ್ನಿ. ಹತ್ತಿಗೆ ಕಸ, ನೀರು ಬೆರೆಸಿ ತೂಕ ಹೆಚ್ಚಿಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬೈ ಸರಕಾರ ಅದಕ್ಕೆಂದೇ ಕಾಯಿದೆ ತರಬೇಕಾಯಿತು.

ಉತ್ತರ: ಎಂಜಿನ್ ರೂಮ್, ಗದಗ-ಬೆಟಗೇರಿ

ಮೇಷ್ಟ್ರೇ, ಪತ್ತೆಮಾರಿಯ 

ಮಾತು ಬಂದದ್ದರಿಂದ ಒಂದೇ ಒಂದು ಸೇರ್ಪಡೆ. ದೊಡ್ಡ ಹಡಗಿಗೆ ಕಾವಲು, ವಿಮೆ, ಉಪಗ್ರಹ ಎಲ್ಲವೂ ಉಂಟು. ಕಛ್ ಸೌರಾಷ್ಟ್ರದ ಮರದ ವಹಾಣಗಳಿಗೆ ಅದೇನೂ ಇಲ್ಲ. ಅವು ಅಕ್ಕಿ, ಸಕ್ಕರೆ, ಈರುಳ್ಳಿ ಹೊತ್ತು ದೊಡ್ಡ ಹಡಗು ಹೋಗದ ಸಣ್ಣ ಬಂದರುಗಳಿಗೆ ಹೋಗುತ್ತವೆ. 2010ರ ಮಾರ್ಚ್ ಕೊನೆಗೆ ಅಂಥ ಹಲವು ವಹಾಣಗಳು ಬೆನ್ನುಬೆನ್ನಿಗೆ ಅಪಹರಣವಾದಾಗ, ಒಮಾನ್‌ನ ಸಲಾಲಾದಿಂದ ಮಾಲ್ಡೀವ್ಸ್‌ನ ಮಾಲೆಗೆ ಎಳೆದ ಗೆರೆಯ ಆಚೆ ಭಾರತದ ವಹಾಣಗಳು ಹೋಗಕೂಡದೆಂದು ಸರಕಾರ ನಿಷೇಧಿಸಿತು. ಹಿಡಿದು ಒತ್ತೆ ಕೇಳುವುದಕ್ಕಿಂತ ಹೆಚ್ಚಾಗಿ ಕಡಲ್ಗಳ್ಳರು ಅವುಗಳನ್ನು ದೂರದ ದಾಳಿಗೆ ತಾಯಿ ಹಡಗುಗಳನ್ನಾಗಿ ಬಳಸುತ್ತಿದ್ದರು. ವಹಾಣ ನಡೆಸುವ ತಾಂಡೇಲನಿಗೆ ಒಂದು ಕಡೆ ಕಳ್ಳರ ಭಯ, ಇನ್ನೊಂದು ಕಡೆ ದೂರದಿಂದ ಕಂಡ ಯುದ್ಧನೌಕೆ ತನ್ನನ್ನೇ ಕಳ್ಳನೆಂದು ತಿಳಿದೀತೆಂಬ ಭಯ.

ಪ್ರಶ್ನೆ ಕೇಳಿದವರಿಂದ: ಕಡ್ಡಿ-ಡಬ್ಬಿ, ಬ್ಯಾಡಗಿ

ಎಲ್ಲ ಹಿರಿಯರಿಗೂ ಶರಣು. ಪಾಲಿಸಿ ತೆಗೆದು ನೋಡಿದೆ. ಸರ್ವೇಯರ್ ಸಾಹೇಬರು ಅಂದದ್ದೇ ನಿಜವಾಯಿತು, ಮೂರು ವರ್ಷದಿಂದ ನಾನು ಕಟ್ಟುತ್ತಿರುವುದು ‘ಸಿ’. ಮುಂದಿನ ಕಂಟೇನರ್‌ಗೆ ‘ಎ’ ಮಾಡಿಸಿದರೆ ಪ್ರೀಮಿಯಂ ಎಷ್ಟಾದೀತೆಂದು ಕೇಳಿದ್ದೇನೆ. ಅವರು ಹೇಳಿದ ವ್ಯತ್ಯಾಸವನ್ನು ಚೀಲಕ್ಕೆ ಹಂಚಿದರೆ ಹಮಾಲಿಗಿಂತ ಕಡಿಮೆ ಬೀಳುತ್ತದೆ. ಯುದ್ಧದ ಶರತ್ತನ್ನೂ ಸೇರಿಸಲು ಹೇಳಿದ್ದೇನೆ.

ಮೊಂಬಾಸಾದವರ ಜೊತೆ ರವಿವಾರ ಮಾತಾಡಿದೆ. ದರ ನಿಗದಿಯಾದ ಮೇಲೆ ಹಡಗು ಕಂಪನಿ ಹೊಸದಾಗಿ ಯಾವ ಹೆಚ್ಚುವರಿ ಶುಲ್ಕ ಹಾಕಿದರೂ ಅರ್ಧ ಅವರದು, ಅರ್ಧ ನನ್ನದು ಎಂದು ಮುಂದಿನ ಕರಾರಿನಲ್ಲಿ ಬರೆಯಲು ಒಪ್ಪಿದ್ದಾರೆ. ಪೂರ್ತಿ ಅವರೇ ಹೊರಲಿ ಎಂದು ಕೇಳುವ ಆಸೆಯಿತ್ತು, ಬಾಯಿ ಬರಲಿಲ್ಲ.

ಹಾವೇರಿಯ ಸಂಶಯಜೀವಿಗಳ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆಯೇ ಬರೆದು ಏಜೆಂಟರಿಗೆ ಕಳಿಸಿದ್ದೇನೆ: ಮೊಂಬಾಸಾಕ್ಕೆ ಹೋಗುವ ಸರಕಿಗೆ ಹಾಕಿರುವುದು ಯಾವ ನೀರಿನ, ಯಾವ ಅಪಾಯದ ಶುಲ್ಕ, ಅದರ ಸುತ್ತೋಲೆ ಎಲ್ಲಿದೆ ಎಂದು. ನಾಲ್ಕು ದಿನವಾಯಿತು. “ನೋಡಿ ಹೇಳ್ತೀವಿ ಸಾಹುಕಾರ್ರೇ” ಎಂಬಲ್ಲಿಗೇ ನಿಂತಿದೆ. ಉತ್ತರ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.